ಪ್ರಸಾದದ ಬೀಜ

ಹೊಳೆದಂಡೆಯ ಆ ಮಠಕ್ಕೆ ಹೋದವರು ಯಾರೂ ಬರಿಗೈಲಿ ಮರಳುತ್ತಿರಲಿಲ್ಲ. ಮಠದವರು ಬೇಸಿಗೆಯಲ್ಲಿ ಹೊಳೆಯ ಮರಳಲ್ಲಿ ಬೆಳೆದ ಕರಬೂಜದ ಬೀಜ ಒಂದು ಹಿಡಿ ಪ್ರಸಾದವಾಗಿ ಉಡಿಗೆ ಬೀಳುತ್ತಿತ್ತು.

ಕೊಡುತ್ತಿದ್ದವನು ಶಿಷ್ಯ ಅಡಿವೆಯ್ಯ. ವರ್ಷವರ್ಷವೂ ಸಿಹಿಯಾದದ್ದನ್ನೇ ಆರಿಸಿ ಆರಿಸಿ ಆ ಹಣ್ಣಿನ ತಳಿ ಮಾಡಿದವನೂ ಅವನೇ. ಅದರ ಹೆಮ್ಮೆ ಅವನಿಗೆ ಇಲ್ಲದಿರಲಿಲ್ಲ ಬಿಡಿ.

ಈ ಸಲ ಬಳ್ಳಿಗೆ ಬೂದಿರೋಗ ಬಂತು. ಎಲೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಕಂಡದ್ದೇ ತಡ, ಹಣ್ಣು ಬಲಿಯುವ ಮೊದಲೇ ಬಳ್ಳಿ ಒಣಗಿತು. ಮಠದಲ್ಲಷ್ಟೇ ಅಲ್ಲ, ದಂಡೆಯ ಊರೂರಲ್ಲೂ ಅದೇ ಗೋಳು.

ಅಡಿವೆಯ್ಯ ಗುರುಗಳ ಮುಂದೆ ಬಂದು ಕುಸಿದು ಕೂತ. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಗೋಡೆಗೆ ಒರಗಿದರೆ ಮತ್ತೆ ಏಳುವುದೇ ಅವರಿಗೆ ಕಷ್ಟವಾಗಿತ್ತು.

“ಎಲ್ಲಾ ಹೋತ್ರಿ ಅಜ್ಜಾರ. ಮುಂದಿನ ವರ್ಷ ಈ ಮಂದಿ ಏನ್ ಬಿತ್ತಬೇಕು?”

“ನಿನ್ನ ಹಣ್ಣು ಬರೂಕ್ಕಿಂತ ಮೊದ್ಲ ಏನ್ ಬಿತ್ತತಿದ್ರು?”

“ಊರಿಗೊಂದು ನಮೂನಿ ಇತ್ರಿ. ಒಂದು ಊರಾಗ ಕೆಕ್ಕರಿಕಿ, ಇನ್ನೊಂದರಾಗ ಹುಳಿ ಮಿಣಕಿ. ಎಲ್ಲಾ ಕರಬೂಜದ ಜಾತೀನ.”

“ಹೋಗಿ ಕೇಳ್ಕೊಂಡು ಬಾ. ರೋಗ ತಡಿಯೂದು ಒಂದಾದ್ರೂ ಇದ್ದೀತು. ಹೋದ ವರ್ಷದ ನಮ್ಮ ಬೀಜ ನಾಕು ಉಳದಾವು, ಅದರ ಜೋಡಿ ಕೂಡಿಸಿ ನೋಡೂಣು.”

ಅಡಿವೆಯ್ಯ ದಂಡೆಗುಂಟ ನಡೆದ. ಮೊದಲ ಊರಿನ ಗೌಡ ಅವನ ಕಾಲಿಗೆ ಬಿದ್ದು ಎದ್ದ.

“ಹಳೇ ಬೀಜ ಎಲ್ಲಿದ್ರಿ? ನೀವು ಪ್ರಸಾದ ಕೊಟ್ರಿ. ಅದನ್ನ ಬಿತ್ತಲಾರದ ಇಟ್ರ ಪಾಪ ಬರ್ತೈತಿ. ಇರೋ ಮರಳು ಅದಕ್ಕ ಸಾಕಾತು. ಹಳೇದನ್ನ ಎಮ್ಮಿಗೆ ಹಾಕಿದ್ವಿ.”

ಮುಂದಿನ ಊರಲ್ಲೂ ಅದೇ ಮಾತು, ಅದರಾಚೆಯ ಊರಲ್ಲೂ ಅದೇ. ಎಲ್ಲರೂ ಕೈಮುಗಿದುಕೊಂಡೇ ಹೇಳಿದರು. ಅವರು ಬೈದಿದ್ದರೆ ಅಡಿವೆಯ್ಯನಿಗೆ ಅಷ್ಟು ದಣಿವಾಗುತ್ತಿರಲಿಲ್ಲ. ತಾನೇ ಕೈಯಾರೆ ಇಡೀ ದಂಡೆಯನ್ನು ಬರಿದು ಮಾಡಿದೆನಲ್ಲ ಎಂದುಕೊಳ್ಳುತ್ತ ಮುಂದೆ ನಡೆದ.

ಕೊನೆಗೆ ಉಳಿದದ್ದು ಆಡು ಸಾಕುವ ಕೆಂಚವ್ವನ ಮನೆ. ಹಿಂದೊಮ್ಮೆ ಅವಳ ಆಡು ಮಠದ ಬಳ್ಳಿಗೆ ಬಾಯಿ ಹಾಕಿತೆಂದು ಅಡಿವೆಯ್ಯನೇ ಬಾಯಿಗೆ ಬಂದ ಹಾಗೆ ಬೈದಿದ್ದ. ಅಂದಿನಿಂದ ಆಕೆ ಮಠದ ಕಡೆ ಮುಖ ಹಾಕಿರಲಿಲ್ಲ. ಹೋಗಲೋ ಬೇಡವೋ ಎಂದುಕೊಂಡೇ ಹೋದ.

ಅವಳ ಹಿತ್ತಲಲ್ಲಿ ಮಿಣಕಿ ಬಳ್ಳಿ ಹಚ್ಚಗೆ ಹಬ್ಬಿತ್ತು. ಒಂದೆಲೆಗೂ ಬೂದಿ ತಾಗಿರಲಿಲ್ಲ.

“ನಿಮ್ಮ ಪ್ರಸಾದ ನನಗ ಬ್ಯಾಡಾಗಿತ್ತು,” ಎಂದಳು ಕೆಂಚವ್ವ. “ಅದಕ್ಕ ಇದು ಉಳದೈತಿ.”

“ನಂದು ತಪ್ಪಾತವ್ವ.”

ಆಕೆ ಅವನನ್ನು ಬಿಸಿಲಲ್ಲಿ ಬೇಕೆಂದೇ ಸ್ವಲ್ಪ ಹೊತ್ತು ನಿಲ್ಲಿಸಿದಳು. ಆಮೇಲೆ ಹಣ್ಣೊಂದನ್ನು ಕಿತ್ತು ಕೈಗಿಟ್ಟಳು.

“ಅಜ್ಜಾರಿಗೆ ಕೊಡಾಕತ್ತೀನಿ. ನಿನಗಲ್ಲ.”

ಮಠದಲ್ಲಿ ಅಜ್ಜಾರು ಹಣ್ಣು ಹೋಳು ಮಾಡಿ ಬಾಯಿಗಿಟ್ಟರು. ಹುಳಿಗೆ ಮುಖ ಕಿವಿಚಿಕೊಂಡರು. ಬೀಜವನ್ನೆಲ್ಲ ಒಂದೂ ಬಿಡದೆ, ಹುಳ ಹತ್ತದ ಹಾಗೆ ಒಲೆಯ ಬೂದಿಯಲ್ಲಿ ಹೊರಳಿಸಿ ಇಟ್ಟರು.

ಅಡಿವೆಯ್ಯನ ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನದ ಮೇಲೆ ಅವನಿಗೆ ಸಮಾಧಾನವಾಗಿತ್ತು.

“ಬದುಕಿದ್ವಿ ಅಜ್ಜಾರ. ಇದನ್ನ ನಮ್ಮದರ ಜೋಡಿ ಕೂಡಿಸ್ತೀನಿ. ಸಿಹಿನೂ ಇರ್ಬೇಕು, ರೋಗನೂ ತಾಗಬಾರದು, ಅಂಥಾದ್ದು ಮಾಡ್ತೀನಿ. ಆಮ್ಯಾಲೆ ಮನಿಮನಿಗೂ ಅದನ್ನ ಪ್ರಸಾದ ಕೊಡ್ತೀನ್ರಿ. ಒಂದು ಮನಿನೂ ಬಿಡೂದಿಲ್ಲ.”

ಅಜ್ಜಾರು ಕೈ ಒರೆಸಿಕೊಂಡರು. ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

“ಕೊಡಪ್ಪ. ಆದ್ರ ಅದಕ್ಕಿಂತ ಮೊದ್ಲ, ಬ್ಯಾಡ ಅನ್ನೋ ಮನಿ ಒಂದು ಹುಡುಕಿ ಬಾ.”