ನೋಡೋಣ ಬಿಡು

ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯ ಮಾಲೀಕ ಪಂಪಣ್ಣನವರದು ಏನು ಕೇಳಿದರೂ ಒಂದೇ ಉತ್ತರ: "ನೋಡೋಣ ಬಿಡು."

ಭಟ್ಟಿಯ ಹೊಗೆ ಕೊಳವೆ ಮುರಿದು ಮೂರು ಬೇಸಿಗೆ ಕಳೆದಿತ್ತು. ಹೆಣ್ಣಾಳುಗಳು ಕೆಮ್ಮಿ ಕೆಮ್ಮಿ ಸೋತಿದ್ದರು. ಮೇಸ್ತ್ರಿ ಹಾಲಮ್ಮ ಹೋಗಿ ಕೇಳಿದಾಗಲೆಲ್ಲ, "ನೋಡೋಣ ಬಿಡು." ಅದು ಹೂಂ ಎಂದೋ ಉಹೂಂ ಎಂದೋ ಯಾರಿಗೂ ತಿಳಿಯದು.

ಒಂದು ದಿನ ಹುಬ್ಬಳ್ಳಿಯಿಂದ ದೊಡ್ಡ ವ್ಯಾಪಾರಿ ಬಂದ. "ಶನಿವಾರದೊಳಗೆ ಒಂದು ಲಾರಿ ಮಂಡಕ್ಕಿ ಬೇಕು. ಆಗ್ತತೇನ್ರಿ?"

ಪಂಪಣ್ಣ ಗತ್ತಿನಿಂದ ಕೂಗಿದರು. "ಹಾಲಮ್ಮ, ಸಾಹುಕಾರರಿಗೆ ನೀನೇ ಹೇಳು!"

ಹಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಸ್ತಾದ ದನಿಯಲ್ಲಿ ಹೇಳಿದಳು, "ನೋಡೋಣ ಬಿಡ್ರಿ."

ವ್ಯಾಪಾರಿ ಎದ್ದು ನಿಂತ. ಪಂಪಣ್ಣ ಕೆಂಡವಾದರು. "ನೋಡೋಣ ಅಂದ್ರೇನು? ಆಗ್ತತೋ ಇಲ್ಲೋ, ಸರಿಯಾಗಿ ಹೇಳು!"

"ಅದು ನಿಮ್ಮ ಮಾತು, ಯಜಮಾನ್ರೇ. ಅರ್ಥ ನೀವೇ ಹೇಳ್ಬೇಕು. ಆಗ್ತತಿ ಅಂತಾದ್ರೆ ನಮ್ಮ ಕೊಳವೆ ಎಲ್ಲೈತಿ? ಆಗಲ್ಲ ಅಂತಾದ್ರೆ ಇವರನ್ನ ಕಳಿಸಿಬಿಡ್ರಿ."

ಪಂಪಣ್ಣ ಬೈಯಲು ಬಾಯಿ ತೆರೆದರು. ಬಾಯಿಗೆ ಹೊಗೆ ಹೊಕ್ಕಿತು. ಕೆಮ್ಮುತ್ತಲೇ ಕೂಗಿದರು, "ಆಗ್ತತಿ! ಎರಡೂ ಆಗ್ತತಿ!"

ಶನಿವಾರ ಲಾರಿ ಹೊರಡುವ ಮೊದಲೇ ಹೊಸ ಕೊಳವೆ ಬಂತು. ಮರುವಾರ ಹಾಲಮ್ಮ ಕುಡಿಯುವ ನೀರಿಗೆ ಒಂದು ನಲ್ಲಿ ಕೇಳಿದಳು. ಪಂಪಣ್ಣ ಈಗ ಹುಷಾರಾಗಿದ್ದರು. ತುಸು ಯೋಚಿಸಿ, "ಮಾಡೋಣ ಬಿಡು" ಎಂದರು.

ಹಾಲಮ್ಮ ನಿಟ್ಟುಸಿರುಬಿಟ್ಟು ಹೆಂಗಸರ ಕಡೆ ತಿರುಗಿದಳು.

"ಮಾತು ಬದಲಾಯ್ತು ಕಣ್ರೇ. ಇನ್ನೊಬ್ಬ ವ್ಯಾಪಾರಿ ಬರೋತನಕ ಕಾಯೋಣ."