ತೊಲೆಯಡಿಯ ಪದಕ

ಸೀಳಿದ ಕಲ್ಲಿನ ಮೇಲೆ ಪದಕ ಕೆತ್ತಬಾರದು. ಶಿಲ್ಪಿ ರೇವೋಜರ ಆಶ್ರಮದಲ್ಲಿ ಉಳಿ ಕೈಗೆ ಕೊಡುವ ಮೊದಲೇ ಹೇಳಿಕೊಡುತ್ತಿದ್ದ ನಿಯಮ ಅದು. ಪದಕವೆಂದರೆ ಕಲ್ಲಿಗೆ ತೊಡಿಸುವ ದುಂಡನೆಯ ಒಡವೆ. ಅದು ಅಂದ ಕೊಡಬೇಕು, ಗಾಯ ಮುಚ್ಚಬಾರದು.

ಹೊಳೆದಂಡೆಯ ಹೊಸ ಛತ್ರದಲ್ಲಿ ಎಲ್ಲರೂ ಆ ನಿಯಮವನ್ನು ಮುರಿದರು.

ನಡುವಿನ ಕಲ್ಲಿನ ತೊಲೆ ಮೇಲೇರಿಸುವಾಗಲೇ ಸೀಳಿತ್ತು. ರೇವೋಜರು ಜ್ವರದಿಂದ ಮಲಗಿದ್ದರು. ಛತ್ರ ಕಟ್ಟಿಸುತ್ತಿದ್ದ ಚೌಡಪ್ಪ ಹೆಗ್ಗಡೆಯವರು ಬೇರೆ ತೊಲೆ ತರಲು ವ್ಯವಧಾನವಿಲ್ಲ ಎಂದರು. ಕಲ್ಲು ತಂದ ಬೊಪ್ಪಣ್ಣ ಸೀಳಿಗೆ ಅರಗು, ಕಲ್ಲುಪುಡಿ ಕಲಸಿ ತುಂಬಿದ. ಹಿರಿಯ ಶಿಷ್ಯ ಬೈಚ ತೊಲೆಯ ಅಡಿಗೆ ತಾವರೆಯ ಪದಕ ಕೆತ್ತಿದ. ಸೀಳು ಹೋದ ದಾರಿಯಲ್ಲೇ ಎಸಳಿನ ಅಂಚು ಹರಿಸಿದ.

"ಮುಂದಿನ ಗೋಪುರ ನಿನ್ನದೇ ಕಣೋ," ಎಂದು ಹೆಗ್ಗಡೆಯವರು ಅವನ ಬೆನ್ನು ತಟ್ಟಿದರು.

ಮೊದಲ ಅನ್ನದಾನದ ದಿನ ಗುರುಗಳು ಕೋಲೂರಿಕೊಂಡು ಬಂದರು. ಒಳಗೆ ಹೆಗ್ಗಡೆಯವರು, ಬೊಪ್ಪಣ್ಣ, ಬೈಚ ಇದ್ದರು. ಮುಚ್ಚಿದ ಬಾಗಿಲ ಆಚೆ ಯಾತ್ರಿಕರು ಹಸಿದು ನಿಂತಿದ್ದರು.

ಬೈಚ ಮೇಲಕ್ಕೆ ಬೆರಳು ತೋರಿಸಿದ. "ಸೀಳು ಎಲ್ಲಿದೆ, ಹೇಳಿ ನೋಡೋಣ ಗುರುಗಳೇ."

ಅವರು ಕತ್ತೆತ್ತಿ ಬಹಳ ಹೊತ್ತು ನೋಡಿದರು.

"ಕಾಣ್ತಿಲ್ಲ. ನಿನ್ನ ಕೈ ನನ್ನ ಕೈಯನ್ನ ಮೀರಿಸಿಬಿಡ್ತು."

ಈ ಒಂದು ಮಾತಿಗಾಗಿ ಬೈಚ ತನ್ನ ಹರೆಯವನ್ನೆಲ್ಲ ಕಲ್ಲಿಗೆ ಸುರಿದಿದ್ದ. ಅವನ ಕಣ್ಣು ತುಂಬಿತು.

"ನಿನ್ನ ತಾಯಿ ಬಂದಿದಾಳಾ?"

"ಬಂದಿದಾಳೆ."

"ಎಲ್ಲಿ ಕೂತು ಉಣ್ತಾಳೆ?"

"ಹೊರಗೆ, ಜಗಲಿ ಮೇಲೆ."

ಮಾತು ಬಾಯಿಂದ ಬಿದ್ದ ಮೇಲೆ ಬೈಚ ಬೆವರಿದ. ಬೆಳಿಗ್ಗೆ ಅಲ್ಲಿ ತಾಯಿಗೆ ಚಾಪೆ ಹಾಸಿ ಬಂದವನು ಅವನೇ. ಯಾಕೆ ಹಾಸಿದೆ ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಗುರುಗಳು ಬೊಪ್ಪಣ್ಣನ ಕಡೆ ತಿರುಗಿದರು. "ನೀನೆಲ್ಲಿ ಕೂರ್ತೀಯಪ್ಪ?"

"ನಂಗೆ ಹಸಿವಿಲ್ಲ ಸ್ವಾಮಿ. ಮನೇಲೇ ಉಂಡು ಬಂದೆ."

"ಹೋಳಿಗೆ ಊಟ ಬಿಟ್ಟು! ನಿನ್ನ ಹೊಟ್ಟೆಗೂ ಏನೋ ಗೊತ್ತಿದೆ ಅಂತಾಯ್ತು. ಹೆಗ್ಗಡೆಯವರೇ, ನೀವು?"

"ಬಡಿಸೋ ಮನೆಯವನು ಕೂರೋದು ಕೊನೆಗಲ್ವೇ?" ಹೆಗ್ಗಡೆಯವರು ನಕ್ಕರು.

"ಹಾಗಾದ್ರೆ ಈ ಪದಕದ ಕೆಳಗೆ ಯಾರು?"

"ಯಾತ್ರಿಕರು. ಎಲ್ಲಿಂದಲೋ ಬಂದೋರು, ನಾಳೆ ಎಲ್ಲಿಗೋ ಹೋಗೋರು." ಹೆಗ್ಗಡೆಯವರ ನಗು ಆರಿತು. "ಆದದ್ದಾಯ್ತು ಸ್ವಾಮಿ. ಅವರ ಮುಂದೆ ಯಾರಾದ್ರೂ ಬಾಯಿ ಬಿಟ್ಟರೆ ಆ ನಾಲಿಗೆ ಬಾಯಲ್ಲಿ ಉಳಿಯೋದಿಲ್ಲ."

ಹಾಗೆಂದು ಬೈಚನನ್ನು ಒಮ್ಮೆ ನೋಡಿ ಬಾಗಿಲ ಕಡೆ ನಡೆದರು.

ಗುರುಗಳು ಒಂದು ಬಾಳೆಲೆ ತೆಗೆದುಕೊಂಡು ಪದಕದ ನೇರ ಕೆಳಗೆ ಹಾಸಿ ಕೂತರು.

"ಅಲ್ಲಿ ಬೇಡ ಗುರುಗಳೇ."

"ಯಾಕೆ? ಇಷ್ಟು ಚೆನ್ನಾಗಿ ಕೆತ್ತಿದೀಯ."

ಪದಕದಿಂದ ಎಲೆಯ ಮೇಲೆ ಒಂದು ಚಿಟಿಕೆ ಕಲ್ಲುಪುಡಿ ಉದುರಿತು. ಗುರುಗಳು ಅದನ್ನು ಅಂಗೈಯಿಂದ ಒರೆಸಿದರು. ಮತ್ತೆ ಉದುರಿತು.

ಹೆಗ್ಗಡೆಯವರ ಕೈ ಆಗಲೇ ಬಾಗಿಲ ಅಗುಳಿಯ ಮೇಲಿತ್ತು.

ಬೈಚ ಮಂಡಿಯೂರಿ, ಹೆಗ್ಗಡೆಯವರಿಗೆ ಕೇಳದ ಹಾಗೆ ಪಿಸುಗುಟ್ಟಿದ. "ಎದ್ದೇಳಿ, ನಿಮ್ಮ ಕಾಲಿಗೆ ಬೀಳ್ತೀನಿ. ಈ ತೊಲೆ ನಿಲ್ಲೋದಿಲ್ಲ."

ಗುರುಗಳು ಏಳಲಿಲ್ಲ. ಉಣ್ಣುವ ಮೊದಲು ಮಾಡುವ ಹಾಗೆ ಅಂಗೈಗೆ ನೀರು ಹಾಕಿಕೊಂಡು ಎಲೆಯ ಸುತ್ತ ನಿಧಾನವಾಗಿ ಕಟ್ಟಿದರು.

"ನನಗ್ಯಾಕಪ್ಪ ಹೇಳ್ತೀಯ, ನನಗೆ ಗೊತ್ತು. ಬಾಗಿಲಾಚೆ ನಿಂತಿದಾರಲ್ಲ, ಅವರಿಗೆ ಹೇಳು."