ಎಣ್ಣೆ ತಂದ ಸಾಬೂನಿನ ಕಣ

ಗಾಣದ ಹಿಂದಿನ ಜೇಡಿಮಣ್ಣಿನ ಆಳಕ್ಕೆ ಎಣ್ಣೆ ಇಳಿದು ಬಾವಿ ಕೆಟ್ಟಿತು. ಎಣ್ಣೆಯನ್ನು ಹಿಡಿದು ತರಲು ನೀರು ಸಾಬೂನಿನ ಕಣಗಳನ್ನು ಒಂದೊಂದಾಗಿ ಕಳಿಸಿತು. ಹೋದವರನ್ನೆಲ್ಲ ಜೇಡಿಮಣ್ಣು "ಬನ್ನಿ, ಕೂತುಕೊಳ್ಳಿ" ಎಂದು ಕೈ ಹಿಡಿದು ತನ್ನ ಪದರಪದರದಲ್ಲೂ ಕೂರಿಸಿಕೊಂಡಿತು. ಕೂತವರು ಏಳಲೇ ಇಲ್ಲ.

ಕಟ್ಟಕಡೆಗೆ ಹೊರಟ ಕಣಕ್ಕೆ ಇದನ್ನು ಕಂಡು ಮೈಯೆಲ್ಲ ಉರಿಯಿತು. "ಸೋಮಾರಿಗಳೇ, ಕೆಲಸಕ್ಕೆಂದು ಬಂದು ಇಲ್ಲೇ ಅಂಟಿಕೊಂಡಿರಾ!" ಎಂದು ಬೈಯುತ್ತಲೇ ಅದು ಆಳಕ್ಕಿಳಿದು, ಎಣ್ಣೆಯ ಹನಿಯನ್ನು ಬಿಗಿಯಾಗಿ ಹಿಡಿದು ಮೇಲೆ ಬಂತು. ನೀರು ಭೇಷ್ ಎಂದಿತು.

ಕಣ ಬೀಗುತ್ತಾ ಮಣ್ಣನ್ನು ಕೆಣಕಿತು: "ನನ್ನೊಬ್ಬನನ್ನು ಹಿಡಿದು ಕೂರಿಸಲು ನಿನ್ನ ಕೈಲಾಗಲಿಲ್ಲ, ನೋಡಿದೆಯಾ?"

"ಕೂರಿಸುತ್ತಿದ್ದೆನಪ್ಪಾ," ಎಂದಿತು ಮಣ್ಣು. "ಆದರೆ ನಿನ್ನ ಜಾಗದಲ್ಲೂ ಅವರೇ ಕೂತಿದ್ದರು."